ತಾಳಿ ಸಾರ್

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂರುವ ಮುಂಚೆ ಅವರ ಅಳಿಯ ನನ್ನ ಹತ್ತಿರ ಬಂದು, ‘ಫ್ಯಾಕ್ಟರಿ ಕಡೆಯಿಂದ ನೀವು ಎರಡು ಮಾತಾಡಬೇಕು’ ಎಂದ. ಗಂಟಲು ಸರಿಯಿಲ್ಲ ಎಂದೆ. ಗಂಟಲು ಚೆನ್ನಾಗಿಯೇ ಇತ್ತು. ಆಮೇಲೆ ಹೋಳಿಗೆಗಳು ಅದರಲ್ಲಿ ಸಲೀಸಾಗಿ ಇಳಿದವು. ಹಾರ ಹಾಕಿದ ಫೋಟೋ ಮುಂದೆ ನಿಂತು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ನಿಜ ಹೇಳಿದ್ದರೆ ಬಂದವರು ಎಲೆ ಬಿಟ್ಟು ಏಳುತ್ತಿದ್ದರು. ಅಲ್ಲಿ ಆಡದೆ ಉಳಿಸಿಕೊಂಡು ಬಂದದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ಅವರ ಹೆಸರು ಬೇಡ. ಕಾರ್ಖಾನೆಯಲ್ಲೂ ಅದನ್ನು ಯಾರೂ ಬಳಸುತ್ತಿರಲಿಲ್ಲ. ಹಾಸನದ ಹೊರಗೆ, ಹೊಲಗಳಿಗೆ ನೀರೆತ್ತುವ ಪಂಪುಗಳನ್ನು ಜೋಡಿಸುವ ಕಾರ್ಖಾನೆ ನಮ್ಮದು. ತೊಂಬತ್ತರ ದಶಕದ ನಡುವೆ ಅವರು ಅಲ್ಲಿಗೆ ಪ್ರೊಡಕ್ಷನ್ ಇಂಜಿನಿಯರ್ ಆಗಿ ಬಂದರು. ಹೊಳೆನರಸೀಪುರದ ಅರ್ಚಕರ ಮನೆತನ. ತೆಳ್ಳಗಿನ ಆಳು, ಇಸ್ತ್ರಿ ಮುರಿಯದ ಅರ್ಧ ತೋಳಿನ ಬಿಳಿ ಅಂಗಿ, ಕೊರಳಲ್ಲಿ ಹಳದಿ ದಾರಕ್ಕೆ ಕಟ್ಟಿ ಇಳಿಬಿಟ್ಟ ಸ್ಟಾಪ್‌ವಾಚು. ಚನ್ನರಾಯಪಟ್ಟಣದ ಕಡೆಯ ಪುಟ್ಟರಾಜು ನನ್ನ ಜೊತೆ ಒಂದೇ ಲೈನಿನಲ್ಲಿ ಕೆಲಸ ಮಾಡುತ್ತಿದ್ದವನು. ಅವರನ್ನು ಮೊದಲ ಸಲ ನೋಡಿದಾಗಲೇ ನನ್ನ ಕಿವಿಯ ಹತ್ತಿರ ಬಂದು, ‘ಸಾರು ತಾಳಿ ಕಟ್ಟಿಸ್ಕಂಡು ಬಂದವ್ರೆ ಕಣ್ಲಾ, ಯಾವ ಪುಣ್ಯಾತ್ಮ ಕಟ್ಟಿದ್ನೋ’ ಎಂದ. ಆವತ್ತಿನಿಂದ ಅವರು ತಾಳಿ ಸಾರ್ ಆದರು. ಅದು ಅವರ ಕಿವಿಗೂ ಬಿದ್ದಿತ್ತು. ದಾರದ ಬಣ್ಣವನ್ನೇನೂ ಬದಲಾಯಿಸಲಿಲ್ಲ.

ಬಂದ ಹೊಸದರಲ್ಲಿ ನಮ್ಮನ್ನೆಲ್ಲ ಶೆಡ್ಡಿನಲ್ಲಿ ನಿಲ್ಲಿಸಿ ಪಾಠ ಮಾಡಿದರು. ಜಪಾನಿನವರ ಪದ್ಧತಿಯಂತೆ, ಲೀನ್ ಅಂತ ಹೆಸರಂತೆ. ‘ಕಾಯೋದು ವೇಸ್ಟು. ಓಡಾಡೋದು ವೇಸ್ಟು. ಬೇಕಾದ್ದಕ್ಕಿಂತ ಜಾಸ್ತಿ ಮಾಡಿ ಗುಡ್ಡೆ ಹಾಕೋದೂ ವೇಸ್ಟು. ಇದನ್ನೆಲ್ಲ ಕಿತ್ತು ಹಾಕಿದ ಮೇಲೆ ಏನು ಉಳಿಯುತ್ತೋ ಅದು ಲೀನ್’ ಎಂದರು. ಪುಟ್ಟರಾಜು ಹಿಂದಿನಿಂದ, ‘ನಮ್ಮೂರ ಕಡೆ ಸತ್ತೋರ್ನ ಲೀನ ಆದ್ರು ಅಂತಾರೆ ಸಾ’ ಎಂದ. ಶೆಡ್ಡೆಲ್ಲ ನಕ್ಕಿತು. ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನಗು ನಿಲ್ಲುವ ತನಕ ನಿಂತಿದ್ದು, ‘ಕೆಲವರು ಆಗಬೇಕಾಗುತ್ತಯ್ಯಾ’ ಎಂದು ಮುಂದಿನ ಮಾತಿಗೆ ಹೋದರು.

ಅವರ ಕಣ್ಣೇ ಹಾಗಿತ್ತು. ಮನುಷ್ಯರನ್ನು ನೋಡುತ್ತಿರಲಿಲ್ಲ, ಮನುಷ್ಯರ ನಡುವಿನ ಖಾಲಿ ಹೊತ್ತನ್ನು ನೋಡುತ್ತಿದ್ದರು. ನೀರು ಕುಡಿಯಲು ನಾವು ಶೆಡ್ಡಿನ ಕೊನೆಗೆ ನಡೆಯುತ್ತಿದ್ದೆವು. ಅದು ದಂಡ ಅಂತ ಕೊಡವನ್ನು ಲೈನಿನ ಪಕ್ಕಕ್ಕೇ ತರಿಸಿದರು. ಒಳ್ಳೆಯವರು ಅಂದುಕೊಂಡೆವು. ಕೊಡ ಹತ್ತಿರ ಬಂದ ಮೇಲೆ ಅದರ ಸುತ್ತ ನಿಂತು ನಾಲ್ಕು ಮಾತಾಡುವುದು ಶುರುವಾಯಿತು. ಒಂದು ವಾರ ನೋಡಿದರು, ಕೊಡವನ್ನು ಮತ್ತೆ ದೂರಕ್ಕೆ ಕಳಿಸಿದರು. ಈ ಸಲ ಮೊದಲಿಗಿಂತ ದೂರ, ಸೆಕ್ಯುರಿಟಿಯವನ ಕಣ್ಣೆದುರಿಗೆ.

ನಮ್ಮ ಸ್ಟೋರ್ಸ್ ಗುಮಾಸ್ತರ ಮಗನ ಮದುವೆ ಚನ್ನರಾಯಪಟ್ಟಣದಲ್ಲಿ ನಡೆಯಿತು. ಪಂಕ್ತಿಯಲ್ಲಿ ಅವರು ನನ್ನ ಪಕ್ಕದಲ್ಲಿ ಕೂತಿದ್ದರು. ಬಡಿಸುವವರಲ್ಲಿ ಒಬ್ಬ ಮುದುಕ ಇದ್ದ. ಅವನ ಕೆಲಸ ಒಂದೇ, ಎಲೆಯ ತುದಿಗೆ ಉಪ್ಪು ಬಡಿಸುವುದು. ಕೈ ನಡುಗುತ್ತಿತ್ತು, ನಿಧಾನ. ಸಾಲಿನ ಕೊನೆ ಮುಟ್ಟುವಾಗ ಜನ ಸಾರು ಅನ್ನಕ್ಕೆ ಬಂದಿದ್ದರು. ಊಟ ಮುಗಿಸಿ ಕೈ ತೊಳೆಯುತ್ತ ತಾಳಿ ಸಾರ್ ಗುಮಾಸ್ತರನ್ನು ಕರೆದು, ‘ಉಪ್ಪಿಗೊಂದು ಜನ ಯಾಕ್ರೀ? ಎಲೆ ಹಾಕೋನೇ ಉಪ್ಪೂ ಹಾಕ್ಕೊಂಡು ಹೋಗ್ಲಿ, ಪಂಕ್ತಿ ಬೇಗ ಏಳುತ್ತೆ’ ಎಂದರು. ಮ್ಯಾನೇಜರ ಮಟ್ಟದವರು ಹೇಳಿದ ಮೇಲೆ ಗುಮಾಸ್ತರು ಮಾಡದೆ ಇರುತ್ತಾರೆಯೇ. ಎರಡನೇ ಪಂಕ್ತಿ ನಿಜಕ್ಕೂ ಬೇಗ ಎದ್ದಿತು. ಆ ಮುದುಕ ಗುಮಾಸ್ತರ ಮನೆಯ ಪ್ರತಿ ಮದುವೆಯಲ್ಲೂ ಉಪ್ಪು ಬಡಿಸಿ, ಕೊನೆಯ ಪಂಕ್ತಿಯಲ್ಲಿ ಉಂಡು ಹೋಗುತ್ತಿದ್ದವನಂತೆ. ಉಪ್ಪಿನ ಬಟ್ಟಲು ಕೈಯಿಂದ ಹೋದ ಮೇಲೆ ಉಣ್ಣಲು ನಾಚಿಕೆಯಾಗಿ ಹಾಗೇ ಹೊರಟುಹೋದ. ಅದನ್ನು ನಾನು ಸಾರ್‌ಗೆ ಹೇಳಿದೆ. ‘ನಾನು ಊಟ ಬೇಡ ಅಂದ್ನೇನಯ್ಯಾ?’ ಎಂದರು. ಅವರು ಅಂದಿರಲಿಲ್ಲ, ಅದೂ ನಿಜವೇ.

ಹೇಳಬೇಕಾದ್ದನ್ನೂ ಹೇಳಬೇಕು, ಇಲ್ಲದಿದ್ದರೆ ನನಗೆ ಅನ್ನ ಹುಟ್ಟುವುದಿಲ್ಲ. ಲಂಚ ಮುಟ್ಟಿದವರಲ್ಲ. ಕ್ಯಾಂಟೀನಿನಲ್ಲಿ ನಮ್ಮ ಹಿಂದೆಯೇ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಪ್ರೆಸ್ಸಿಗೆ ಜಾಲರಿ ಹಾಕಿಸಿ ಎಷ್ಟೋ ಜನರ ಬೆರಳು ಉಳಿಸಿದವರು ಅವರೇ. ಅರಕಲಗೂಡಿನ ಅಂಗಡಿ ಮನೆಯಿಂದ ಐಟಿಐ ಸರ್ಟಿಫಿಕೇಟು ಹಿಡಿದು ಬಂದ ನನ್ನನ್ನು ಮುಂದೆ ಸೂಪರ್‌ವೈಸರ್ ಮಾಡಿದವರೂ ಅವರೇ. ಇಷ್ಟೆಲ್ಲ ಇದ್ದವರು ಅಷ್ಟು ಕಟುಕರಾಗಲು ಯಾವ ಅವಸರವಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ಸಾಕಮ್ಮನ ವಿಷಯ. ಅವಳು ಹಳೇಕೋಟೆಯವಳು, ಲೈನಿನಲ್ಲಿ ನನಗಿಂತ ಹಳಬಳು. ಗಂಡ ಹೊಗೆಸೊಪ್ಪಿನ ಕಾಲಕ್ಕೆ ರಾಮನಾಥಪುರದ ಕಡೆ ಸೊಪ್ಪು ಒಣಗಿಸುವ ಬ್ಯಾರನ್ ಬೇಯಿಸಲು ಹೋಗುವವನು, ಉಳಿದ ಕಾಲದಲ್ಲಿ ಮನೆಯಲ್ಲಿ ಬಿದ್ದುಕೊಂಡಿರುವವನು. ಒಬ್ಬಳೇ ಮಗಳು, ಹಾಸನದಲ್ಲಿ ಟಿ.ಸಿ.ಎಚ್. ಓದುತ್ತಿದ್ದಳು. ‘ನನ್ ಮಗ್ಳು ಮೇಷ್ಟ್ರಮ್ಮ ಆಗಗಂಟ ನನ್ ಕೈ ಆಡ್ಲಿ ಸಾಕು, ಆಮ್ಯಾಕೆ ಮುರ್ಕಂಡು ಬೀಳ್ಲಿ’ ಎನ್ನುತ್ತಿದ್ದಳು. ಸುಮ್ಮನೆ ಆಡುವ ಮಾತಲ್ಲ ಅದು. ಅವಳ ಬೆರಳಿನ ಸಂದುಗಳು ಶುಂಠಿಯ ಹಾಗೆ ಊದಿಕೊಳ್ಳುತ್ತಿದ್ದವು.

ಅದು ನಮಗೆ ಗೊತ್ತಾದದ್ದು ಶೆಟ್ಟಿಹಳ್ಳಿಗೆ ಪಿಕ್ನಿಕ್ಕು ಹೋಗಿದ್ದಾಗ. ಎಲ್ಲರೂ ನೀರಿನ ನಡುವೆ ನಿಂತ ಹಾಳು ಚರ್ಚನ್ನು ನೋಡುತ್ತ ಬುತ್ತಿ ಬಿಚ್ಚಿದ್ದರು. ಸಾಕಮ್ಮ ತನ್ನ ಡಬ್ಬಿಯ ತಿರುಪು ಮುಚ್ಚಳ ಹಿಡಿದು ಒದ್ದಾಡುತ್ತ, ಯಾರಾದರೂ ನೋಡಿದರೆ ಹಸಿವಿಲ್ಲದವಳಂತೆ ಅತ್ತ ತಿರುಗುತ್ತಿದ್ದಳು. ಪುಟ್ಟರಾಜು, ‘ಏನಕ್ಕಾ ತಂದಿದ್ದೀಯ, ವಾಸ್ನೆ ನೋಡ್ತೀನಿ ತಡಿ’ ಎಂದು ಡಬ್ಬಿ ಕಸಿದುಕೊಂಡ. ಮುಚ್ಚಳ ಸಡಿಲಿಸಿ, ಮತ್ತೆ ಮುಚ್ಚಿದಂತೆಯೇ ಮಾಡಿ ಅವಳ ಮುಂದಿಟ್ಟ. ಅವಳು ಎರಡು ಬೆರಳಲ್ಲಿ ತಾನೇ ತೆಗೆದಳು. ಅವನು ಆಗಲೇ ಬೇರೆ ಕಡೆ ನೋಡುತ್ತಿದ್ದ.

ಲೈನಿನಲ್ಲೂ ನಾವು ಇದನ್ನೇ ಮಾಡಿದೆವು. ನಮ್ಮ ಮೂವರಲ್ಲಿ ಪಂಪು ಮೊದಲು ನನ್ನ ಮುಂದೆ ಬರುತ್ತಿತ್ತು, ಆಮೇಲೆ ಸಾಕಮ್ಮನ ಮುಂದೆ, ಆಮೇಲೆ ಪುಟ್ಟರಾಜುವಿನ ಮುಂದೆ. ಅವಳ ಕೆಲಸ ಪಂಪಿನ ಮೇಲೆ ಮುಚ್ಚಳ ಕೂರಿಸಿ ನಟ್ಟುಗಳನ್ನು ಬಿಗಿಯುವುದು. ಬಿಗಿಯಲು ಗಾಳಿಯಿಂದ ತಿರುಗುವ ಸ್ಪ್ಯಾನರ್ ಮೇಲಿನಿಂದ ನೇತಾಡುತ್ತಿತ್ತು. ಆದರೆ ಮೊದಲ ಎರಡು ಸುತ್ತು ಬೆರಳಲ್ಲೇ ಹಾಕಬೇಕು. ಆ ಎರಡು ಸುತ್ತೇ ಅವಳಿಗೆ ಆಗದ್ದು. ನಾನು ನನ್ನ ಕೆಲಸದ ಜೊತೆಗೆ ಮುಚ್ಚಳ ಇಟ್ಟು, ನಟ್ಟುಗಳನ್ನು ಹಚ್ಚಿ ಮುಂದೆ ತಳ್ಳುತ್ತಿದ್ದೆ. ತಪ್ಪಿದ್ದನ್ನು ಪುಟ್ಟರಾಜು ಸರಿಮಾಡುತ್ತಿದ್ದ. ಈ ಬಗ್ಗೆ ನಾವು ಮೂವರೂ ಒಂದು ದಿನವೂ ಮಾತಾಡಿಕೊಂಡವರಲ್ಲ. ವರ್ಷಗಟ್ಟಲೆ ಹಾಗೇ ನಡೆಯಿತು, ಒಂದು ಪಂಪೂ ಕೆಟ್ಟು ವಾಪಸ್ ಬರಲಿಲ್ಲ.

ಹೀಗಿರುವಾಗ ತಾಳಿ ಸಾರ್ ಚೆನ್ನೈಗೆ ತರಬೇತಿಗೆ ಹೋಗಿ ಒಂದು ಕಂಪ್ಯೂಟರು ಹೊರಿಸಿಕೊಂಡು ಬಂದರು. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೊಂದು ಎ.ಸಿ. ಒಳಗೆ ಹೋಗಲು ನಾವು ಗರ್ಭಗುಡಿಗೆ ಹೋಗುವವರಂತೆ ಚಪ್ಪಲಿ ಬಿಡಬೇಕು. ನಮ್ಮ ಇಡೀ ಲೈನನ್ನು ಅದರೊಳಗೆ ಕಟ್ಟುತ್ತಾರಂತೆ. ಯಾರನ್ನು ಎಲ್ಲಿ ಕೂರಿಸಿದರೆ ಎಷ್ಟು ಪಂಪು ಬರುತ್ತದೆ ಎಂದು ಪರದೆಯ ಮೇಲೆಯೇ ಓಡಿಸಿ ನೋಡಿ, ಆಮೇಲೆ ನಿಜವಾದ ಲೈನನ್ನು ಬದಲಾಯಿಸುತ್ತಾರಂತೆ. ಅದಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಮೊದಲು ಪ್ರತಿಯೊಬ್ಬರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯಬೇಕು.

ವಾಚು ಹಿಡಿದು ಅವರು ಸಾಕಮ್ಮನ ಹತ್ತಿರ ಬರುವ ಸುದ್ದಿ ಬಂದಾಗ ನಮಗೆ ಒಂದೇ ಯೋಚನೆ. ಅವಳು ನಿಧಾನ ಅಂತ ಅಳತೆಯಲ್ಲಿ ಬಂದರೆ ಅವಳ ಕಥೆ ಮುಗಿಯಿತು. ಅಳೆದಷ್ಟು ದಿನವೂ ನಾನು ನಟ್ಟುಗಳನ್ನು ಎರಡು ಸುತ್ತಲ್ಲ, ಮುಕ್ಕಾಲು ಕೂರಿಸಿಯೇ ಕಳಿಸಿದೆ. ಅವಳು ಸ್ಪ್ಯಾನರ್ ಮುಟ್ಟಿಸಿದರೆ ಸಾಕು, ಕೆಲಸ ಆದಂತೆಯೇ. ಪುಟ್ಟರಾಜು ಎಣ್ಣೆ ಬಟ್ಟೆ ಹಿಡಿದು ಅವಳು ಒರೆಸಬೇಕಾದ ಪಂಪುಗಳನ್ನೂ ತಾನೇ ಒರೆಸಿಕೊಟ್ಟ. ತಾಳಿ ಸಾರ್ ಅವಳ ಹೆಗಲ ಹಿಂದೆ ನಿಂತು ಒತ್ತಿದರು, ಬರೆದರು, ಒತ್ತಿದರು, ಬರೆದರು. ಕೊನೆಗೆ, ‘ಪರವಾಗಿಲ್ವೇ ಸಾಕಮ್ಮ, ಲೈನಿಗೇ ನೀನು ಫಸ್ಟು’ ಎಂದರು. ಆ ಮಧ್ಯಾಹ್ನ ಪುಟ್ಟರಾಜು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಸರಿಬಾತು ಕೊಡಿಸಿದ. ಕಂಪ್ಯೂಟರಿಗೇ ಮಣ್ಣೆರಚಿದ ಖುಷಿ ನಮಗೆ.

ಲೈನು ಪರದೆಯ ಮೇಲೆ ಸಿದ್ಧವಾದಾಗ ನಮ್ಮನ್ನು ಗುಂಪು ಗುಂಪಾಗಿ ಒಳಗೆ ಕರೆದು ತೋರಿಸಿದರು. ಪುಟ್ಟ ಪುಟ್ಟ ಗೊಂಬೆಗಳು, ನಡುವೆ ಸಾಗುವ ಚುಕ್ಕಿಗಳೇ ಪಂಪುಗಳು. ಕೆಲಸ ಮಾಡುವಾಗ ಗೊಂಬೆ ಹಸಿರು, ಸುಮ್ಮನೆ ಕಾಯುವಾಗ ಹಳದಿ, ಸಿಕ್ಕಿಹಾಕಿಕೊಂಡರೆ ಕೆಂಪು. ‘ನಾನ್ಯಾವ್ದು ಸಾ?’ ಎಂದು ಎಲ್ಲರೂ ಮುಗಿಬಿದ್ದರು. ಒಂದು ಗುಂಡಿ ಒತ್ತಿದರೆ ನಾವು ಒಂದು ತಿಂಗಳು ಬೆವರು ಸುರಿಸಿ ಮಾಡುವುದು ಕಾಫಿ ಆರುವಷ್ಟರಲ್ಲಿ ಆಗಿಹೋಗುತ್ತಿತ್ತು. ಸಾಕಮ್ಮ ತನ್ನ ಗೊಂಬೆಯನ್ನು ನೋಡುತ್ತ ನಿಂತುಬಿಟ್ಟಳು. ಅದು ಪಟಕ್ಕನೆ ಕೆಲಸ ಮುಗಿಸಿ ಹಳದಿಯಾಗುತ್ತಿತ್ತು, ಮತ್ತೆ ಪಟಕ್ಕನೆ ಮುಗಿಸಿ ಹಳದಿ. ‘ಎಷ್ಟು ಚೆಂದಾಗಿ ಮಾಡ್ತಾವ್ಳೆ ನೋಡ್ಲಾ ರುದ್ರೇಶ, ಕೂತು ಸುದಾರಿಸ್ಕತಾಳೆ ಬೇರೆ’ ಎಂದು ನನಗೆ ಹೇಳಿದಳು. ಅವಳ ಹೊಟ್ಟೆ ತಂಪಾದದ್ದು ಮುಖದಲ್ಲೇ ಕಾಣುತ್ತಿತ್ತು. ನನಗೆ ಮಾತ್ರ ಆ ಹಳದಿ ನೋಡಿ ಒಳಗೊಳಗೇ ದಿಗಿಲಾಯಿತು.

ಲೈನು ಬದಲಾಯಿತು. ಪರದೆಯ ಪ್ರಕಾರ ನಾನೂ ಪುಟ್ಟರಾಜುವೂ ತುಂಬ ಹೊತ್ತು ತಗೊಳ್ಳುವವರು. ತಗೊಳ್ಳದೆ ಏನು ಮಾಡೋಣ, ಅವಳದ್ದೂ ನಮ್ಮ ಕೈಯಲ್ಲೇ ಇತ್ತು. ಅವಳು ಸುಮ್ಮನೆ ಕೂತು ಕಾಯುವವಳು. ಆದ್ದರಿಂದ ಪುಟ್ಟರಾಜುವನ್ನು ವೈಂಡಿಂಗ್ ವಿಭಾಗಕ್ಕೆ ಕಳಿಸಿದರು, ಅವನ ಕೆಲಸವನ್ನೂ ಸಾಕಮ್ಮನಿಗೆ ಕೊಟ್ಟರು. ನೆಟ್ಟಗಿದ್ದ ಲೈನನ್ನು ಲಾಳದಂತೆ ಬಗ್ಗಿಸಿದರು. ನನ್ನನ್ನು ಮೊದಲ ಜಾಗಕ್ಕೆ ತಳ್ಳಿದರು, ಅವಳಿಗೆ ನನ್ನ ಬೆನ್ನು ಬರುವಂತೆ. ಅವಳ ಹಿಂದೆ ಮುಂದೆ ಬೇರೆ ವಿಭಾಗದವರು ಬಂದರು. ಅವರಿಗೆ ಅವಳ ಬೆರಳಿನ ಸಂಗತಿ ಗೊತ್ತಿಲ್ಲ, ಗೊತ್ತಾದರೂ ಕೈಬಿಡುವಿಲ್ಲ. ಪ್ರತಿಯೊಬ್ಬರ ತಲೆಯ ಮೇಲೆ ಒಂದು ಕೆಂಪು ದೀಪ, ಪಕ್ಕದಲ್ಲಿ ಒಂದು ಹಗ್ಗ. ಕೆಲಸ ಸಿಕ್ಕಿಕೊಂಡರೆ ಅವರೇ ಹಗ್ಗ ಎಳೆಯಬೇಕು. ದೀಪ ಹತ್ತಿ, ಇಡೀ ಲೈನು ನಿಲ್ಲುತ್ತದೆ.

ಸಾಕಮ್ಮ ದಿನಾ ಹಗ್ಗ ಎಳೆದಳು. ನಾನು ಬೆನ್ನು ಹಾಕಿ ನಿಂತಿದ್ದರೂ ಎದುರಿನ ಕಿಟಕಿ ಗಾಜಿನಲ್ಲಿ ಆ ಕೆಂಪು ಕಾಣುತ್ತಿತ್ತು. ಮೊದಮೊದಲು ಜನ ಅಯ್ಯೋ ಪಾಪ ಅಂದರು. ಲೈನು ನಿಂತರೆ ಎಲ್ಲರ ಇನ್ಸೆಂಟಿವ್‌ಗೂ ಕತ್ತರಿ ಬೀಳುತ್ತಿತ್ತು. ತಿಂಗಳ ಕೊನೆಗೆ ಆ ಪಾಪವೆಲ್ಲ ಒಣಗಿತು. ‘ಅಕ್ಕ, ನೀನೊಬ್ಳು ಇರಾದ್ಕೆ ನಮ್ ಮಕ್ಳು ಬಾಯ್ಗೆ ಮಣ್ಣಾಕ್ತೀಯಲ್ಲ’ ಎಂದು ಅವಳ ಜೊತೆ ಒಂದೇ ಬಸ್ಸಿನಲ್ಲಿ ಬರುವ ಹೆಂಗಸೇ ಅಂದಳು. ಅವಳ ಪಕ್ಕದಲ್ಲಿ ಬಸ್ಸಿನಲ್ಲೂ ಕೂರುವವರು ಕಡಿಮೆಯಾದರು. ತಾಳಿ ಸಾರ್ ಬೈಯಲೇ ಇಲ್ಲ. ದೀಪ ಹತ್ತಿದಾಗ ಬಂದು ಅವಳ ಪಕ್ಕದಲ್ಲಿ ನಿಂತು, ವಾಚು ಒತ್ತಿ, ಅವಳು ಬೆರಳಲ್ಲಿ ನಟ್ಟು ಹಿಡಿಯಲು ಹೆಣಗುವುದನ್ನು ಕೊನೆಯವರೆಗೂ ನೋಡಿ, ವಾಚು ನಿಲ್ಲಿಸಿ ಹೋಗುತ್ತಿದ್ದರು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ನಾನು ಗಾಜಿನ ಕೋಣೆಗೆ ಹೋದೆ. ‘ಸಾರ್, ಸಾಕಮ್ಮಂಗೆ ಆಗ್ತಿಲ್ಲ. ಪುಟ್ಟರಾಜುನ ವಾಪಸ್ ಕೊಡಿ’ ಎಂದೆ.

ಅವರು ಕುರ್ಚಿ ತಿರುಗಿಸಿದರು. ‘ಅಳತೆಯಲ್ಲಿ ಅವಳೇ ಫಸ್ಟಲ್ವೇನಯ್ಯಾ? ಆಗ ಆದದ್ದು ಈಗ ಹೇಗೆ ಆಗಲ್ಲ? ನಿನಗೇನಾದರೂ ಗೊತ್ತಿದ್ದರೆ ಹೇಳು’ ಎಂದರು.

ಹೇಳಿದರೆ ಅವಳು ಇಷ್ಟು ವರ್ಷ ತನ್ನ ಕೆಲಸವನ್ನು ತಾನು ಮಾಡೇ ಇಲ್ಲವೆಂದಾಗುತ್ತದೆ, ಆವತ್ತೇ ಗೇಟಿನ ಹೊರಗೆ. ಹೇಳದಿದ್ದರೆ ಆ ದೀಪದ ಕೆಳಗೆ ದಿನಾ ಬೇಯುತ್ತಾಳೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಕಾಲ ಕೆಳಗೆ ತಣ್ಣಗಿನ ಟೈಲ್ಸು. ‘ಏನಿಲ್ಲ ಸಾರ್’ ಎಂದು ಹೊರಗೆ ಬಂದು ಚಪ್ಪಲಿ ಹಾಕಿಕೊಂಡೆ.

ಸಾಕಮ್ಮನನ್ನು ಯಾರೂ ತೆಗೆಯಲಿಲ್ಲ. ಅವಳೇ ಯಾರ ಕೈಯಲ್ಲೋ ರಾಜೀನಾಮೆ ಬರೆಸಿಕೊಟ್ಟಳು. ಸ್ವಂತ ಇಚ್ಛೆಯಿಂದ ಹೋದವಳೆಂದು ಆಫೀಸಿನವರು ಗೇಟಿನ ತನಕ ಬಂದು ಕಳಿಸಿದರು. ಬಸ್ಸಿಗೆ ಕಾಯುತ್ತ ನನ್ನ ಹತ್ತಿರ, ‘ಆ ಪರದೆ ಮ್ಯಾಲೆ ಒಬ್ಳು ಮಾಡ್ತಿದ್ಲಲ್ಲ, ಕೈ ನೋವಿಲ್ಲ ಕಾಲು ನೋವಿಲ್ಲ, ಅವ್ಳುನ್ನೇ ಇಟ್ಕಳಿ ಅಂತ ಯೋಳ್ಲಾ ನಿಮ್ ಸಾರ್ಗೆ’ ಎಂದಳು. ಅಳುತ್ತಿರಲಿಲ್ಲ. ಮಗಳ ಟಿ.ಸಿ.ಎಚ್. ಅರ್ಧಕ್ಕೇ ನಿಂತಿತು. ಹುಡುಗಿಯನ್ನು ಬೇಗ ಮದುವೆ ಮಾಡಿ ಕೊಟ್ಟರು, ಅವಳು ಈಗ ಯಾರದೋ ಹೊಗೆಸೊಪ್ಪಿನ ಮಂಡಿಯಲ್ಲಿ ಎಲೆ ವಿಂಗಡಿಸುತ್ತಾಳೆ ಎಂದು ಪುಟ್ಟರಾಜು ಹೇಳಿದ. ಸಾಕಮ್ಮ ಎರಡು ಮಳೆಗಾಲವೂ ಬದುಕಲಿಲ್ಲ.

ನಮ್ಮದೇ ತಪ್ಪಲ್ಲವೇ, ಮೊದಲೇ ನಿಜ ಹೇಳಬಾರದಿತ್ತೇ ಎಂದು ಕೇಳುವವರಿದ್ದಾರೆ. ನನ್ನ ಹೆಂಡತಿಯೇ ಕೇಳಿದ್ದಾಳೆ. ನಾನು ಒಪ್ಪುವುದಿಲ್ಲ. ನಾವು ಒಂದು ಹೆಂಗಸಿನ ಮಾನ ಮುಚ್ಚಿದೆವು. ಮುಚ್ಚಿದ್ದನ್ನು ಅಳೆದವನು ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ.

ತಾಳಿ ಸಾರ್ ರಿಟೈರಾಗಿ ಹಾಸನದಲ್ಲೇ ಮನೆ ಮಾಡಿಕೊಂಡಿದ್ದರು. ನನ್ನ ಮಗಳ ಮದುವೆಯ ಲಗ್ನಪತ್ರಿಕೆ ಕೊಡಲು ಹೋದೆ. ಬಾಗಿಲು ತೆಗೆದದ್ದು ಅವರ ಹೆಂಡತಿ, ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳದ ಹೆಣ್ಣುಮಗಳು. ಆಕೆ ಅಡುಗೆಮನೆಗೆ ಹೋದರು. ತಾಳಿ ಸಾರ್ ಈಸಿಚೇರಿನಲ್ಲಿದ್ದರು. ಎರಡೂ ಕೈ ತೊಡೆಯ ಮೇಲೆ ತಾವೇ ತಾವಾಗಿ ನಡುಗುತ್ತಿದ್ದವು. ಕೊರಳು ಖಾಲಿಯಿತ್ತು. ಪತ್ರಿಕೆ ಓದಿ, ‘ಊಟದ ವ್ಯವಸ್ಥೆ ಯಾರದಯ್ಯಾ?’ ಎಂದು ಕೇಳಿದರು. ಮಾತಿಗೆ ಮಾತು ಬಂದು, ಅದೇನು ಸಿಟ್ಟು ಬಂತೋ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಸಾಕಮ್ಮನ ಕೆಲಸ ಮಾಡುತ್ತಿದ್ದವರು ನಾವು, ನಿಮ್ಮ ಅಳತೆಯೇ ಸುಳ್ಳು, ಆ ಸುಳ್ಳಿನ ಮೇಲೆ ನಿಮ್ಮ ಸಿಮ್ಯುಲೇಶನ್ ನಿಂತಿತ್ತು ಎಂದೆ. ಅವರಿಗೆ ಒಂದು ಏಟಾದರೂ ಬೀಳಲಿ ಎಂದೇ ಹೇಳಿದ್ದು.

ಅವರು ನಕ್ಕರು. ‘ಗೊತ್ತಿತ್ತು. ಅವಳ ಹತ್ತಿರ ಬರೋ ಹೊತ್ತಿಗೆ ನಟ್ಟು ಮುಕ್ಕಾಲು ಕೂತಿರ್ತಿತ್ತು. ವಾಚು ಹಿಡಿದವನಿಗೆ ಕಣ್ಣಿರಲ್ವೇನಯ್ಯಾ?’

‘ಮತ್ಯಾಕೆ ಸಾರ್ ಅದನ್ನೇ ಕಂಪ್ಯೂಟರಿಗೆ ಹಾಕಿದ್ರಿ?’

‘ನಿಮ್ಮ ಲೈನಿನವರಲ್ಲಿ ಒಬ್ಬರನ್ನ ಕೆಲಸದಿಂದ ಕಮ್ಮಿ ಮಾಡಿ ಅಂತ ಮೇಲಿನವರು ಹೇಳಿದ್ರು. ನಾನು ಹೆಸರು ಹೇಳಿದ್ರೆ ಯೂನಿಯನ್ನು ಗೇಟಿಗೆ ಬರ್ತಿತ್ತು. ಕೈಲಾಗದವಳನ್ನ ನೀವೇ ಆರಿಸಿ ಕೊಟ್ರಿ. ಅವಳಾಗೇ ಹೋಗೋ ತನಕ ನಾನು ಕಾದೆ, ಅಷ್ಟೆ.’

‘ಕಾಯೋದು ವೇಸ್ಟು ಅಂತಿದ್ರಿ.’

‘ಆ ಕಾಯೋದು ವೇಸ್ಟಲ್ಲ’ ಎಂದರು. ಎಷ್ಟೋ ವರ್ಷದ ಹಿಂದೆ ಸರಿಯಾಗಿ ಮಾಡಿದ ಲೆಕ್ಕವನ್ನು ನೆನೆದವರ ನೆಮ್ಮದಿ ಅವರ ಮುಖದಲ್ಲಿತ್ತು.

ಅಷ್ಟರಲ್ಲಿ ಅವರ ಹೆಂಡತಿ ಟಾನಿಕ್ ಬಾಟಲಿ ತಂದರು. ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಮಗೆ ಬೆನ್ನು ಹಾಕಿ ನಿಂತಿದ್ದರು. ಬಾಟಲಿಯ ಮುಚ್ಚಳ ತಿರುಗಿಸಿ, ಮತ್ತೆ ಮುಚ್ಚಿದಂತೆಯೇ ಮಾಡಿದ್ದನ್ನು ನಾನು ನೋಡಿದೆ. ತಂದು ಅವರ ಮುಂದಿನ ಸ್ಟೂಲಿನ ಮೇಲಿಟ್ಟು ಪಕ್ಕಕ್ಕೆ ಸರಿದರು. ತಾಳಿ ಸಾರ್ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮುಚ್ಚಳ ತೆಗೆದರು. ತೆಗೆದು ನನ್ನ ಕಡೆ ನೋಡಿ, ‘ನೋಡಿದೆಯಾ, ಡಾಕ್ಟರು ಬೆರಳಿಗೆ ಶಕ್ತಿಯೇ ಇಲ್ಲ ಅಂತಾನೆ. ಇವತ್ತಿಗೂ ನನ್ನದು ನಾನೇ ಮಾಡ್ಕೋತೀನಿ, ಯಾರ ಹಂಗೂ ಇಲ್ಲ’ ಎಂದರು.

ಅವರ ಹೆಂಡತಿ ನನ್ನ ಮುಖ ನೋಡಿದರು. ನಾನು ನೋಡಿದ್ದೇನೆಂದು ಅವರಿಗೆ ಗೊತ್ತಾಗಿತ್ತು. ಕಣ್ಣಲ್ಲೇ ಬೇಡ ಎಂದರು.

‘ಅಮ್ಮಾವ್ರು ಒಳಗೇ ಸಡಿಲ ಮಾಡಿ ತಂದ್ರು ಸಾರ್. ಕಣ್ಣಿದ್ದವರಿಗೆ ಕಾಣ್ಸುತ್ತೆ’ ಎಂದೆ.

ಅವರು ಬಾಟಲಿ ನೋಡಿದರು, ಕೈಯಲ್ಲಿದ್ದ ಮುಚ್ಚಳ ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಆಕೆ ಸೆರಗಿನ ಅಂಚು ಹಿಡಿದು ನೆಲ ನೋಡುತ್ತಿದ್ದರು. ಮುಚ್ಚಳವನ್ನು ಮತ್ತೆ ಬಾಟಲಿಗೆ ಹಾಕಲು ಹೋದರು, ಕೂರಲಿಲ್ಲ. ಇನ್ನೊಂದು ಸಲ ಹೋದರು. ನಾನು ಸಹಾಯ ಮಾಡಲಿಲ್ಲ, ಆಕೆಗೂ ಮುಂದೆ ಬರುವ ಧೈರ್ಯ ಬರಲಿಲ್ಲ. ಕುಂಕುಮಾಕ್ಷತೆ ಪೊಟ್ಟಣವನ್ನು ಪತ್ರಿಕೆಯ ಮೇಲಿಟ್ಟು ಹೊರಟೆ.

ಮದುವೆಗೆ ಅವರು ಬರಲಿಲ್ಲ. ಮುಂದೆ ಬಂದದ್ದು ಸಾವಿನ ಸುದ್ದಿಯೇ. ಸಮಾರಾಧನೆಯ ದಿನ ಊಟ ಮುಗಿಸಿ, ಹೇಳಿ ಹೋಗೋಣವೆಂದು ಒಳಕೋಣೆಗೆ ಹೋದೆ. ಅವರ ಹೆಂಡತಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು.

‘ಅದನ್ನ ನೀವು ಹೇಳಬಾರದಿತ್ತು ರುದ್ರೇಶಪ್ಪನವರೇ’ ಎಂದರು. ದನಿ ಏರಿಸಲಿಲ್ಲ. ‘ಆವತ್ತಿನಿಂದ ಅವರು ಯಾವುದನ್ನೂ ಕೈಯಲ್ಲಿ ಮುಟ್ಟಲಿಲ್ಲ. ಲೋಟ ಮುಟ್ಟಲಿಲ್ಲ, ತುತ್ತೂ ಮುಟ್ಟಲಿಲ್ಲ. ನಾನು ಕೊಟ್ಟದ್ದನ್ನೆಲ್ಲ ಅನುಮಾನದಿಂದ ನೋಡೋರು. ಹಾಗೇ ಹೋಗಿಬಿಟ್ರು. ಅವರು ನಿಮಗೆ ಅಂಥದ್ದೇನು ಮಾಡಿದ್ರು?’

‘ನನಗಲ್ಲ ಅಮ್ಮಾವ್ರೇ, ಸಾಕಮ್ಮಂಗೆ’ ಎಂದೆ.

ಆಕೆ ನೆನಪಿಸಿಕೊಳ್ಳಲು ನೋಡಿದರು. ಗಂಡನ ಬಾಯಲ್ಲಿ ಎಂದಾದರೂ ಕೇಳಿದ್ದರೆ ಸಿಕ್ಕಬೇಕಿತ್ತು, ಸಿಕ್ಕಲಿಲ್ಲ.

‘ಯಾರು ಸಾಕಮ್ಮ?’ ಎಂದರು.